ಜ್ವರ ಬಿಟ್ಟ ದಿನದ ಕೂಲಿ

ನನ್ನ ಅಜ್ಜಿ ಬೆಳ್ತಂಗಡಿ ಕಡೆಯವಳು. ಚಾರ್ಮಾಡಿ ಘಾಟಿಯನ್ನು ನಡೆದೇ ಹತ್ತಿ ಮೂಡಿಗೆರೆ ಸೀಮೆಯ ಕಾಫಿ ತೋಟಕ್ಕೆ ಬಂದವಳು. ಕರಾವಳಿಯಲ್ಲಿ ಆಗ ಇದಕ್ಕೆ ‘ಘಟ್ಟಕ್ಕೆ ಹೋಗುವುದು’ ಎಂದರೆ ಸಾಕಿತ್ತು, ಯಾವ ಊರು, ಯಾವ ತೋಟ ಎಂದು ಯಾರೂ ಕೇಳುತ್ತಿರಲಿಲ್ಲ. ಮಳೆಗಾಲದ ಬೆಳೆಯಾದ ಏಣೆಲು ಗದ್ದೆಯ ಕೊಯ್ಲು ಮುಗಿಯುವ ಹೊತ್ತಿಗೆ, ತೋಟಕ್ಕೆ ಆಳು ಕರೆದೊಯ್ಯುವ ಮೇಸ್ತ್ರಿ ಬರುತ್ತಿದ್ದ. ಮುಂಗಡವೆಂದು ಒಂದಿಷ್ಟು ದುಡ್ಡು ಕೈಗಿಡುತ್ತಿದ್ದ. ಆ ದುಡ್ಡು ಮದುವೆಗೋ ಹಳೆಯ ಸಾಲಕ್ಕೋ ಅಲ್ಲೇ ಕರಗುತ್ತಿತ್ತು. ಅದನ್ನು ತೀರಿಸಲು ಗುಂಪು ಗುಂಪಾಗಿ ಜನ ಘಟ್ಟ ಹತ್ತುತ್ತಿದ್ದರು. ಹಣ್ಣು ಕುಯ್ಯುವುದು, ಗಿಡ ಸವರುವ ಕಪಾತು, ನೆರಳುಮರದ ಕೊಂಬೆ ಕಡಿಯುವ ಮರಗಸಿ, ಹೊಸ ಗುಂಡಿ ತೋಡುವುದು, ಇವೆಲ್ಲ ಮುಗಿಸಿ ಮಳೆ ಹಿಡಿಯುವ ಮೊದಲು ತಮ್ಮ ಗದ್ದೆಯ ನಾಟಿಗೆ ಇಳಿದು ಹೋಗುತ್ತಿದ್ದರು. ಇಳಿಯದೆ ಉಳಿದವರೂ ಇದ್ದರು. ಅಜ್ಜಿ ಹಾಗೆ ಉಳಿದವಳು. ಅವಳ ಜೊತೆ ಬಂದವರಲ್ಲಿ ಕೆಲವರು ಬೇರೆ ರೀತಿಯಲ್ಲಿ ಉಳಿದರು. ತೋಟದ ಅಂಚಿನ ಮಣ್ಣಿನಲ್ಲಿ.

ಕಾಫಿಯ ಕಥೆ ಹೇಳುವಾಗ ನಾವು ಬಾಬಾಬುಡನ್ ಯೆಮೆನ್‌ನಿಂದ ತಂದ ಏಳು ಬೀಜಗಳಿಂದ ಶುರುಮಾಡುತ್ತೇವೆ. ಆಮೇಲೆ ದೊರೆಗಳ ತೋಟಗಳಿಗೆ ಬರುತ್ತೇವೆ. ರಾಬರ್ಟ್ ಎಲಿಯಟ್ ಎಂಬ ಪ್ಲಾಂಟರ್ 1850ರ ದಶಕದಲ್ಲಿ ಮಂಜರಾಬಾದ್ ಸೀಮೆಗೆ ಬಂದು ತೋಟ ಮಾಡಿದ. 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದು ಕಾಫಿ, ಬೇಟೆ, ನೆರಳುಮರಗಳ ಬಗ್ಗೆ ತಿಳಿದದ್ದನ್ನೆಲ್ಲ ದಾಖಲಿಸಿದ. ದೊರೆಗಳು ಬರೆದಿಟ್ಟಿದ್ದಾರೆ, ಒಳ್ಳೆಯದೇ. ಲೈನಿನಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಗಳಲ್ಲಿ, ಮಲಗಿ ನಡುಗಿದವರಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಪಾಲಿನ ಕಥೆ ಕನ್ನಡದಲ್ಲಿ ಗಟ್ಟಿಯಾಗಿ ಬಂದದ್ದು ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ, 1933ರಲ್ಲಿ. ತೋಟದ ಸಾಲ ತೀರಿಸಲು ಚೋಮ ಇಬ್ಬರು ಗಂಡುಮಕ್ಕಳನ್ನು ಘಟ್ಟಕ್ಕೆ ಕಳಿಸುತ್ತಾನೆ. ಹಿರಿಯವನು ಚನಿಯ ಜ್ವರ ಹೊತ್ತು ಮನೆಗೆ ಬಂದು ಸಾಯುತ್ತಾನೆ. ಕಾಲೇಜಿನಲ್ಲಿ ಆ ಪುಟ ಓದಿದಾಗ ನನಗದು ಕಾದಂಬರಿ ಅನ್ನಿಸಲೇ ಇಲ್ಲ. ಅಜ್ಜಿಯ ಬಾಯಲ್ಲಿ ಅಂಥ ಚನಿಯರು ಎಷ್ಟೋ ಜನ ಇದ್ದರು.

ಅವಳು ಹೇಳುತ್ತಿದ್ದ ಚಳಿಜ್ವರಕ್ಕೆ ಒಂದು ಲೆಕ್ಕವಿತ್ತು. ದಿನ ಬಿಟ್ಟು ದಿನ ಬರುತ್ತಿತ್ತು. ಬಂದ ದಿನ ಎಷ್ಟು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಕಡಿಯುವುದು ನಿಲ್ಲುತ್ತಿರಲಿಲ್ಲ. ಆಮೇಲೆ ಮೈ ಕಾದು, ಬೆವರಿ, ಬಿಡುತ್ತಿತ್ತು. ಮರುದಿನ ಆಳು ಎದ್ದು ಕೂರುತ್ತಿದ್ದ. ಎದ್ದು ಕೂತವನು ಕತ್ತಿ ಹಿಡಿದು ಕೆಲಸಕ್ಕೂ ಹೋಗುತ್ತಿದ್ದ. ಏಕೆಂದರೆ ಮಲಗಿದ ದಿನಕ್ಕೆ ಕೂಲಿ ಇಲ್ಲ, ಕೂಲಿ ಇಲ್ಲದ ದಿನ ಮುಂಗಡ ಕರಗುವುದಿಲ್ಲ. ಹೀಗೆ ತಿಂಗಳುಗಟ್ಟಲೆ ಎಳೆದು ಹೊಟ್ಟೆಯ ಎಡಮಗ್ಗುಲು ಗಟ್ಟಿಯಾಗಿ ಊದಿಕೊಳ್ಳುತ್ತಿತ್ತು, ಜ್ವರಗಡ್ಡೆ ಎನ್ನುತ್ತಿದ್ದರು. ಮಲೆನಾಡಿನ ನೀರು ಹಿಡಿಸಲಿಲ್ಲ ಎಂಬುದು ಎಲ್ಲರ ತೀರ್ಮಾನ.

ಆ ತೀರ್ಮಾನದಲ್ಲಿ ಅರ್ಧ ಸತ್ಯವಿತ್ತು: ತಪ್ಪು ಕುಡಿಯುವ ನೀರಿನದಲ್ಲ, ನೀರಿನಲ್ಲಿ ಹುಟ್ಟುವ ಸೊಳ್ಳೆಯದು. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡ. ಅದೇ ವರ್ಷ ಊಟಿ ಕಡೆಯ ಸೀಗೂರು ಘಾಟಿಯಲ್ಲಿ ಅವನಿಗೂ ಮಲೇರಿಯಾ ಬಂದಿತ್ತು. ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲೊಂದು ನಮ್ಮ ಮೂಡಿಗೆರೆಯಲ್ಲಿತ್ತು. ಮಲೆನಾಡಿನಲ್ಲಿ ಆ ಜ್ವರ ಹರಡುತ್ತಿದ್ದ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಇದು ಕೊಚ್ಚೆಯಲ್ಲಿ ಹುಟ್ಟುವುದಲ್ಲ. ತಿಳಿಯಾಗಿ, ಮೆಲ್ಲಗೆ ಹರಿಯುವ ಹಳ್ಳದ ಅಂಚಿನ ಹುಲ್ಲಿನಲ್ಲಿ ಮೊಟ್ಟೆಯಿಡುತ್ತದೆ. ಜಡಿಮಳೆಯಲ್ಲಿ ಉಕ್ಕುವ ಹಳ್ಳ ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಇಳಿದು ನೀರು ತೆಳ್ಳಗಾದಾಗ ಮತ್ತೆ ಹೆಚ್ಚುತ್ತದೆ. ನಮ್ಮವರು ಘಟ್ಟ ಹತ್ತುತ್ತಿದ್ದದ್ದು ಮಳೆ ಇಳಿದ ಮೇಲೆ, ಇಳಿಯುತ್ತಿದ್ದದ್ದು ಮಳೆ ಹಿಡಿಯುವ ಮೊದಲು. ತಮ್ಮ ಗದ್ದೆಯ ಕ್ಯಾಲೆಂಡರು ಅವರನ್ನು ತಂದು ನಿಲ್ಲಿಸಿದ್ದು ಸೊಳ್ಳೆಯ ಕಾಲದ ನಡುಮಧ್ಯದಲ್ಲಿ. ಅಂಥ ಹಳ್ಳದ ಪಕ್ಕದಲ್ಲೇ, ನೀರಿಗೆ ಹತ್ತಿರವೆಂದು, ಲೈನುಗಳನ್ನು ಕಟ್ಟುತ್ತಿದ್ದರು. ಕಿಟಕಿಯಿಲ್ಲದ ಕತ್ತಲ ಗೋಡೆ ಈ ಸೊಳ್ಳೆಗೆ ಹಗಲಿಡೀ ಕೂರಲು ಹೇಳಿಮಾಡಿಸಿದ ಜಾಗ.

ಊರಿನವರಿಗೆ ತಮ್ಮದೇ ಮದ್ದು ಇತ್ತು. ಇಂದಿಗೂ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ಕೆತ್ತೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅದರ ಕಷಾಯವನ್ನು ಖಾಲಿಹೊಟ್ಟೆಗೆ ಕುಡಿದು, ಮೇಲೆ ಮೆಂತೆಗಂಜಿ ಉಣ್ಣುತ್ತಾರೆ. ಅಜ್ಜಿ ಘಟ್ಟದ ಮೇಲೂ ಇದನ್ನು ಬಿಡಲಿಲ್ಲ. ಹಾಲೆಯ ತೊಗಟೆ ಮಲೇರಿಯಾದ ಮದ್ದಾದ ಕ್ವಿನೈನಿಗೆ ಸಮವಲ್ಲ, ನನಗೆ ಗೊತ್ತು. ಆದರೆ ಕೈಗೆಟುಕುವಂತಿದ್ದದ್ದು ಅದೊಂದೇ ಆದಾಗ ಅದನ್ನು ಅಷ್ಟು ನಿಷ್ಠೆಯಿಂದ ಹಿಡಿದುಕೊಂಡ ಜನರ ಬಗ್ಗೆ ನನಗೆ ಗೌರವವಿದೆ.

ಸೊಳ್ಳೆ ಕೊಲ್ಲುವ ಡಿಡಿಟಿ ಬಂದ ಮೇಲೆ ಚಿತ್ರ ಬದಲಾಯಿತು. 1946ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ವಿಶ್ವನಾಥನ್ ನೇತೃತ್ವದಲ್ಲಿ ಗೋಡೆಗಳಿಗೆ ಸಿಂಪಡಣೆ ಶುರುವಾಯಿತು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಯೋಜನೆ ಬಂತು. ಕತ್ತಲ ಗೋಡೆಯ ಮೇಲೆ ಕೂರುವ ಸೊಳ್ಳೆಯ ಅಭ್ಯಾಸವೇ ಅದಕ್ಕೆ ಮುಳುವಾಯಿತು.

ಇದೆಲ್ಲ ನನ್ನೊಳಗೆ ಒಂದಾಗಿ ಕೂಡಿಕೊಂಡದ್ದು ಹೋದ ಅಕ್ಟೋಬರಿನಲ್ಲಿ. ನನಗೆ ಬಂದಿದ್ದ ಡೆಂಗಿ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಮೊಣಕಾಲಿನ ಗಂಟು ನೋಯುತ್ತಿತ್ತು. ಆದರೆ ಕಾಫಿ ತೋಟಗಳ ನಡುವಿನ ಓಟದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ವೈದ್ಯರು ಇಸಿಜಿ ನೋಡಿ, “ಏರಿನಲ್ಲಿ ನಡೆಯಿರಿ, ತಲೆಸುತ್ತಿದರೆ ಅಲ್ಲೇ ನಿಲ್ಲಿ, ನೀರು ಕುಡಿಯುವುದನ್ನು ಮರೆಯಬೇಡಿ” ಎಂದು ಒಪ್ಪಿದರು. ಓಟದ ಹಿಂದಿನ ರಾತ್ರಿ ಮಳೆ ಸುರಿದಿತ್ತು. ಜೀಪಿನ ಗಾಲಿ ಕೊರೆದ ಕೆಂಪು ಕೆಸರಿನಲ್ಲಿ ಬೂಟು ಕಣಕಾಲಿನವರೆಗೆ ಇಳಿಯಿತು. ಹುಲ್ಲಂಚಿಗೆ ಸರಿದರೆ ಇಂಬಳ. ನಾನು ಏರಿನಲ್ಲಿ ನಡೆದೆ, ಇಳಿಜಾರಿನಲ್ಲಿ ಸಣ್ಣ ಹೆಜ್ಜೆಯಿಟ್ಟು ಓಡಿದೆ, ನೀರು ಕೊಡುವಲ್ಲಿ ಕೂತು ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ ತಿಂದೆ. ಮುಂದಿದ್ದವರೆಲ್ಲ ಕಣ್ಮರೆಯಾದರು. ಒಬ್ಬಳೇ ಆದ ಮೇಲೆ ಆ ದಾರಿಯ ಗುರುತು ಹತ್ತಿತು: ಹಳ್ಳ, ಅದರಾಚೆ ಹಳೆಯ ಲೈನು, ಲೈನಿನಿಂದ ಕಣಕ್ಕೆ ಸವೆದ ಕಾಲುದಾರಿ. ಜ್ವರ ಬಿಟ್ಟ ದಿನ ಎದ್ದ ಆಳುಗಳು ನಡೆದದ್ದು ಇಂಥದೇ ಏರಿನಲ್ಲಿ, ಇದೇ ನಡುಗುವ ಕಾಲಿನಲ್ಲಿ. ನಾನು ನಿಂತರೆ ನಿಲ್ಲಬಹುದಿತ್ತು. ನನಗೆ ಸಂಬಳದ ರಜೆಯಿತ್ತು.

ಆ ರಜೆಗೂ ಒಂದು ಚರಿತ್ರೆಯಿದೆ. ತೋಟದ ಕೆಲಸದವರಿಗೆ ಕಾಯಿಲೆಯ ದಿನಕ್ಕೆ ಭತ್ಯೆ, ವಾಸಕ್ಕೆ ಮನೆ, ಔಷಧೋಪಚಾರ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ನನ್ನ ಅಮ್ಮ ಟೈಫಾಯಿಡ್ ಆಗಿ ಮಲಗಿದ್ದಾಗ ತೋಟದ ಲೆಕ್ಕ ಬರೆಯುವ ರೈಟರು ಅದರ ಪ್ರಕಾರ ಲೆಕ್ಕ ಹಾಕಿ ದುಡ್ಡು ಕೊಟ್ಟರಂತೆ. ಅಜ್ಜಿ ಆ ನೋಟುಗಳನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದಳೆಂದು ಅಮ್ಮ ಹೇಳುತ್ತಾಳೆ. ಮಲಗಿದ್ದಕ್ಕೆ ದುಡ್ಡು ಬರುವುದನ್ನು ಅವಳು ಆವರೆಗೆ ಕಂಡಿರಲಿಲ್ಲ.

ಓಟದ ಕೊನೆಯ ಏರಿನ ಬುಡದಲ್ಲಿ ಕಳೆ ಕೊಚ್ಚುತ್ತಿದ್ದ ಹೆಂಗಸೊಬ್ಬಳು ನನ್ನ ಏದುಸಿರು ಕೇಳಿ ಕತ್ತಿ ನಿಲ್ಲಿಸಿದಳು. “ಯಾಕಕ್ಕ, ಆರಾಮಿಲ್ಲೇನು?” ಎಂದಳು. ಮಾತಿನಲ್ಲೇ ಹಾವೇರಿ ಕಡೆಯವಳೆಂದು ಗೊತ್ತಾಯಿತು. ಡೆಂಗಿ ಆಗಿತ್ತೆಂದೆ. “ನನಗೂ ಆಗಿತ್ರಿ, ಮೂರು ದಿನ ಮಕ್ಕೊಂಡಿದ್ದೆ. ನಾಲ್ಕನೇ ದಿನ ಬಂದೆ. ಬರಲಿಲ್ಲಂದ್ರ ಕೂಲಿ ಇಲ್ಲಲ್ಲಕ್ಕ.” ಅವಳು ಗುತ್ತಿಗೆಯವನ ಜೊತೆ ಬಂದವಳು, ತೋಟದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲ. ಈಗ ನಮ್ಮ ತೋಟಗಳ ಕೆಲಸಕ್ಕೆ ಬಯಲುಸೀಮೆಯಿಂದ, ಅಸ್ಸಾಮಿನಿಂದ ಹೀಗೆ ಬಂದವರು ಬಹಳ. ಅವರಿಗೂ ಮುಂಗಡವಿದೆ, ಅವರಿಗೂ ಮೇಸ್ತ್ರಿಯಿದ್ದಾನೆ.

ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಒಂದು ನೋಟುಬುಕ್ಕು ಹಿಡಿದು ಲೈನುಗಳಿಗೆ ಹೋಗತೊಡಗಿದ್ದೇನೆ. ಹಿರಿಯರ ಹತ್ತಿರ ಚಳಿಜ್ವರದ ವರ್ಷ, ಸತ್ತವರ ಹೆಸರು, ಹೂಳಿದ ಜಾಗ ಕೇಳಿ ಬರೆದುಕೊಳ್ಳುತ್ತೇನೆ. ಹೊಸದಾಗಿ ಬಂದವರ ಹತ್ತಿರ, ಈ ಮಳೆಗಾಲದಲ್ಲಿ ಜ್ವರ ಬಂದು ಎಷ್ಟು ದಿನದ ಕೂಲಿ ಹೋಯಿತು ಎಂದು ಕೇಳುತ್ತೇನೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದೇನೆ.