ಕಾರ್ಲ್‌ಟನ್ ಚಾಪ್‌ಮನ್: ಬೆಂಗಳೂರಿನ ಒಬ್ಬ ಕಾಲ್ಚೆಂಡಾಟಗಾರನ ವೃತ್ತಿಜೀವನ

ಕನ್ನಡನಾಡಿನ ಚರಿತ್ರೆಯನ್ನು ಬರೆದವರು ರಾಜವಂಶಗಳನ್ನೂ ಶಾಸನಗಳನ್ನೂ ಕವಿಗಳನ್ನೂ ಕುರಿತು ತೋರಿದ ಶ್ರದ್ಧೆಯನ್ನು ಆಟದ ಬಯಲಿನ ವಿಷಯದಲ್ಲಿ ತೋರಿದವರಲ್ಲ. ಕ್ರಿಕೆಟ್ಟಿಗೆ ಹೇಗೋ ಕೆಲವು ಪುಟಗಳು ದೊರೆತಿವೆ. ಕಾಲ್ಚೆಂಡಾಟಕ್ಕೆ ಅಷ್ಟೂ ದೊರೆತಿಲ್ಲ. ಬೆಂಗಳೂರಿನ ದಂಡುಪ್ರದೇಶದ ಬೀದಿಗಳಿಂದ ಒಲಿಂಪಿಕ್ ಕ್ರೀಡೆಗಳಿಗೆ ಹೋದ ಆಟಗಾರರ ಹೆಸರುಗಳು ಕಲ್ಕತ್ತೆಯ ಕ್ರೀಡಾಭಿಮಾನಿಗಳಿಗೆ ಬಾಯಿಪಾಠವಾಗಿರುವಾಗ ನಮ್ಮವರಿಗೆ ಅಪರಿಚಿತವಾಗಿ ಉಳಿದಿರುವುದು ವಿಚಿತ್ರವೇ ಸರಿ. ಅಂಥವರ ಸಾಲಿನಲ್ಲಿ ತೀರ ಈಚಿನವರಾದ ಕಾರ್ಲ್‌ಟನ್ ಚಾಪ್‌ಮನ್ನರ ಕ್ರೀಡಾಜೀವನವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅವರು ಹೊಡೆದ ಗೋಲುಗಳನ್ನು ಎಣಿಸುವುದು ನಮ್ಮ ಉದ್ದೇಶವಲ್ಲ. ನೌಕರಿಯ ನೆರಳಿನಲ್ಲಿ ನಡೆಯುತ್ತಿದ್ದ ಆಟವು ಕೂಲಿಯ ಕರಾರಿನ ಆಟವಾಗಿ ಮಾರ್ಪಟ್ಟ ಆ ಕೆಲವೇ ವರ್ಷಗಳಲ್ಲಿ ಒಬ್ಬ ಆಟಗಾರನ ಬದುಕು ಹೇಗೆ ನಡೆಯಿತೆಂಬುದನ್ನು ಅವರ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನ ಮತ್ತೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನ ಕಾಲ್ಚೆಂಡಾಟಕ್ಕೆ ಮೊದಲ ಕೀರ್ತಿ ಲಭಿಸಿದುದು ಮುಂಬಯಿಯ ನೆಲದಲ್ಲಿ. 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯನ್ನು ಬಹುಕಾಲ ಬ್ರಿಟಿಷ್ ಸೈನ್ಯದ ತಂಡಗಳೇ ಗೆಲ್ಲುತ್ತಿದ್ದುವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಆ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡವೆನಿಸಿತು. ಮರುವರ್ಷ ಅದನ್ನು ಉಳಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಮೂರನೆಯ ಬಾರಿ ಗೆದ್ದಿತು. ಅದೇ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಮೊಟ್ಟಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ನರೂ, ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರೆಂದು ಹೆಸರಾದ ಅಹಮದ್ ಖಾನರೂ ಬೆಂಗಳೂರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದುಕೊಂಡಿತು. ಈ ಆಟಗಾರರ ಮನೆಗಳಲ್ಲಿ ಕೇಳಿಬರುತ್ತಿದ್ದ ಮಾತು ಬಹುಮಟ್ಟಿಗೆ ತಮಿಳು, ಉರ್ದು ಅಥವಾ ಇಂಗ್ಲಿಷ್ ಆಗಿತ್ತು. ಅದೇ ಕಾರಣದಿಂದ ಅವರನ್ನು ಕನ್ನಡನಾಡಿನ ಚರಿತ್ರೆಯ ಹೊರಗಿಡುವುದಾದರೆ, ಮರಾಠಿ ನೆಲದಲ್ಲಿ ನಿಂತು ಕನ್ನಡದಲ್ಲಿ ಬರೆಯುವ ನಮ್ಮನ್ನು ಠಾಣೆಯ ಚರಿತ್ರೆಯಿಂದ ಹೊರಗಿಡುವವರಿಗೆ ನಾವು ಏನೆಂದು ಉತ್ತರ ಹೇಳಬಹುದು?

ಇಂದು ಮಿಡ್‌ಫೀಲ್ಡರ್ ಎಂದು ಕರೆಯಲ್ಪಡುವ ಸ್ಥಾನಕ್ಕೆ ಹಿಂದೆ ಹಾಫ್ ಬ್ಯಾಕ್ ಎಂಬ ಹೆಸರಿತ್ತು. ಗೋಲಿಯ ಮುಂದೆ ಇಬ್ಬರು ಬ್ಯಾಕುಗಳು, ಅವರ ಮುಂದೆ ಮೂವರು ಹಾಫುಗಳು, ಕೊನೆಯಲ್ಲಿ ಐವರು ಫಾರ್ವರ್ಡುಗಳು ಎಂಬುದು ಹಳೆಯ ವಿನ್ಯಾಸ. ಹಿಂದಿನವರಿಂದ ಚೆಂಡನ್ನು ಪಡೆದು, ಎದುರಾಳಿಯಿಂದ ಅದನ್ನು ಕಾಪಾಡಿ, ಮುಂದಿನವರ ಕಾಲಿಗೆ ತಲಪಿಸುವುದು ಹಾಫಿನ ಕೆಲಸ. ಹೊಲದಲ್ಲಿ ಕಾಲುವೆಗೆ ನೀರು ತಿರುಗಿಸುವವನ ದುಡಿಮೆಯಂತೆ ಇದು ಫಲ ಬಂದಾಗ ಕಣ್ಣಿಗೆ ಬೀಳುವುದಿಲ್ಲ. ಪತ್ರಿಕೆಗಳು ಗೋಲು ಹೊಡೆದವರ ಹೆಸರನ್ನೂ ಹೊಡೆದ ನಿಮಿಷವನ್ನೂ ಅಚ್ಚುಹಾಕಿದುವು. ಗೋಲಿಗೆ ಎರಡು ಒದೆತಗಳ ಹಿಂದೆ ಚೆಂಡು ಯಾರ ಬಳಿ ಇತ್ತೆಂಬುದನ್ನು ಯಾರೂ ಬರೆದಿಡಲಿಲ್ಲ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತವು ನಾಲ್ಕನೆಯ ಸ್ಥಾನ ಪಡೆದುದನ್ನೂ, ಆಸ್ಟ್ರೇಲಿಯದ ವಿರುದ್ಧ ಮುಂಬಯಿಯ ನೆವಿಲ್ ಡಿಸೋಜಾ ಮೂರು ಗೋಲು ಹೊಡೆದುದನ್ನೂ ಎಲ್ಲರೂ ಸ್ಮರಿಸುತ್ತಾರೆ. ಆ ತಂಡದಲ್ಲಿಯೂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿಯೂ ಬೆಂಗಳೂರಿನ ಹಾಫ್ ಬ್ಯಾಕ್ ಕೆಂಪಯ್ಯನವರಿದ್ದರೆಂಬುದನ್ನು ಸ್ಮರಿಸುವವರು ವಿರಳ. ಕಲ್ಕತ್ತೆಯ ಮೋಹನ್ ಬಾಗಾನಿಗೆ ಆಡಿದ ಕೆಂಪಯ್ಯನವರನ್ನು ಚಾಪ್‌ಮನ್ನರ ಪೂರ್ವಜರೆಂದು ಭಾವಿಸುವುದರಲ್ಲಿ ತಪ್ಪಿಲ್ಲ.

ಆದರೆ ಆ ಪೂರ್ವಜರ ಕಾಲದ ವ್ಯವಸ್ಥೆಯೇ ಬೇರೆ. ಆಟಗಾರನಿಗೆ ಆಟದಿಂದ ಅನ್ನ ದೊರೆಯುತ್ತದೆಂದು ಬಹಿರಂಗವಾಗಿ ಒಪ್ಪಿಕೊಳ್ಳುವ ಪದ್ಧತಿ ಆಗ ಇರಲಿಲ್ಲ. ರೈಲ್ವೆ, ಪೊಲೀಸ್, ಬ್ಯಾಂಕು, ಸೈನ್ಯ, ಸರಕಾರಿ ಕಾರ್ಖಾನೆ ಇವುಗಳಲ್ಲಿ ಒಂದು ಹುದ್ದೆ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ಪಂದ್ಯಗಳಿಗೆ ರಜೆ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಮತ್ತು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಂಡಗಳು ಈ ಕ್ರಮದಲ್ಲಿಯೇ ಬೆಳೆದುವು. ಮುಂಬಯಿಯಲ್ಲಿ ಟಾಟಾ, ಮಫತ್‌ಲಾಲ್, ಓರ್ಕೇ ಮಿಲ್ಸ್ ತಂಡಗಳೂ ಹಾಗೆಯೇ. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಒಳಗೊಳಗೇ ಹಣ ಕೊಡುತ್ತಿದ್ದುದು ಎಲ್ಲರಿಗೂ ತಿಳಿದ ಗುಟ್ಟು. ಈ ವ್ಯವಸ್ಥೆಯಲ್ಲಿ ಕಪಟವಿದ್ದುದು ನಿಜ. ಆದರೆ ಮೂವತ್ತೈದನೆಯ ವಯಸ್ಸಿಗೆ ಕಾಲು ಸೋತ ಆಟಗಾರನಿಗೆ ಐವತ್ತೆಂಟರವರೆಗೆ ಸಂಬಳವೂ ಬಳಿಕ ಪಿಂಚಣಿಯೂ ದೊರೆಯುತ್ತಿದ್ದುವೆಂಬುದೂ ಅಷ್ಟೇ ನಿಜ.

ಚಾಪ್‌ಮನ್ನರು 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಜನಿಸಿದರು. 1990ರಲ್ಲಿ ಅವರು ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯನ್ನು ಸೇರಿದರು. 1987ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಹುಡುಗರಿಗೆ ವಸತಿ, ಆಹಾರ, ಶಿಕ್ಷಣಗಳನ್ನು ಒದಗಿಸಿ ಆಟವನ್ನೇ ಕಸುಬಾಗಿ ಕಲಿಸತೊಡಗಿದುದು ನಮ್ಮ ದೇಶದಲ್ಲಿ ಹೊಸ ಸಂಗತಿ. ಹಿಂದಿನವರು ಬೀದಿಯಲ್ಲಿ ಕಲಿತು ಕಚೇರಿಗೆ ಸೇರಿದರು. ಇವರು ಶಾಲೆಯಲ್ಲಿ ಕಲಿತು ಕ್ಲಬ್ಬಿಗೆ ಸೇರಿದರು.

1993ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಅವರನ್ನು ಸ್ವೀಕರಿಸಿತು. ಅದೇ ವರ್ಷ ಏಷ್ಯದ ಕಪ್ ವಿಜೇತರ ಪಂದ್ಯಾವಳಿಯಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಅವುಗಳಲ್ಲಿ ಮೂರು ಗೋಲುಗಳು ಚಾಪ್‌ಮನ್ನರವು. ಇರಾಕು ಆಗ ಏಷ್ಯದ ಬಲಿಷ್ಠ ರಾಷ್ಟ್ರಗಳಲ್ಲೊಂದು. 1986ರಲ್ಲಿ ವಿಶ್ವಕಪ್ಪಿನಲ್ಲಿ ಆಡಿದ ದೇಶ. ಆದಕಾರಣ ಈ ಗೆಲುವಿನ ಸುದ್ದಿ ಕಲ್ಕತ್ತೆಯಲ್ಲಿ ಉಂಟುಮಾಡಿದ ಸಂಭ್ರಮವನ್ನು ಊಹಿಸಬಹುದು. ಇಪ್ಪತ್ತೆರಡು ವರ್ಷದ ಆಟಗಾರನಿಗೆ ಇದರಿಂದ ಒಂದೇ ದಿನದಲ್ಲಿ ಹೆಸರು ಬಂದಿತು. ಆದರೆ ಒಂದು ಸಂದೇಹವನ್ನು ಇಲ್ಲಿ ಹೇಳಲೇಬೇಕು. ಗೋಲು ಹೊಡೆಯುವುದು ಅವರ ಮುಖ್ಯ ಕೆಲಸವಾಗಿರಲಿಲ್ಲ. ಅವರನ್ನು ಕುರಿತು ಇಪ್ಪತ್ತೇಳು ವರ್ಷಗಳ ಬಳಿಕ ಬಂದ ಶ್ರದ್ಧಾಂಜಲಿಗಳಲ್ಲಿಯೂ ಮೊದಲು ಕಾಣುವುದು ಈ ಮೂರು ಗೋಲುಗಳೇ. ಮಧ್ಯದಲ್ಲಿ ಆಡುವವನನ್ನು ಚರಿತ್ರೆಯು ಅವನದಲ್ಲದ ಕೆಲಸಕ್ಕಾಗಿ ನೆನೆಯುತ್ತದೆಯೆಂಬುದಕ್ಕೆ ಇದು ಉದಾಹರಣೆ.

1995ರಲ್ಲಿ ಅವರು ಪಂಜಾಬಿನ ಫಗ್ವಾಡಾ ನಗರದ ಜೆ.ಸಿ.ಟಿ. ತಂಡಕ್ಕೆ ಹೋದರು. ಜೆ.ಸಿ.ಟಿ. ಎಂದರೆ ಜಗತ್‌ಜಿತ್ ಕಾಟನ್ ಟೆಕ್ಸ್‌ಟೈಲ್. ಒಂದು ಬಟ್ಟೆಯ ಗಿರಣಿ. 1971ರಲ್ಲಿ ಆ ಗಿರಣಿಯ ಆಶ್ರಯದಲ್ಲಿ ತಂಡ ಹುಟ್ಟಿತು. ಗಿರಣಿಯೊಂದು ತನ್ನ ಸುತ್ತ ಮನೆ, ಶಾಲೆ, ಆಟದ ಬಯಲುಗಳನ್ನು ಕಟ್ಟಿಕೊಂಡು ಒಂದು ಊರೇ ಆಗುವ ಬಗೆಯನ್ನು ವರ್ತಕ ನಗರದ ವಾಚಕರಿಗೆ ವಿವರಿಸಬೇಕಾದುದಿಲ್ಲ. ಪೋಖ್ರಾನ್ ರಸ್ತೆಯ ರೇಮಂಡ್ ಉಣ್ಣೆಯ ಗಿರಣಿಯನ್ನೂ, ಯಂತ್ರಗಳು ನಿಂತ ಮೇಲೆ ಆ ನೆಲದಲ್ಲಿ ಎದ್ದ ವಸತಿಗೋಪುರಗಳನ್ನೂ ಅವರು ಬಲ್ಲರು. ಜೆ.ಸಿ.ಟಿ.ಯಲ್ಲಿ ಚಾಪ್‌ಮನ್ನರಿಗೆ ಕೇರಳದ ಐ. ಎಂ. ವಿಜಯನ್ನರೂ ಸಿಕ್ಕಿಮಿನ ಭೈಚುಂಗ್ ಭೂಟಿಯಾ ಅವರೂ ಜೊತೆಯಾದರು. ತಂಡವು 1995ರಲ್ಲಿ ಫೆಡರೇಷನ್ ಕಪ್ಪನ್ನು ಗೆದ್ದಿತು.

1996ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ನಗರದ ಲೀಗುಗಳಿದ್ದುವು, ಊರೂರಿನ ಕಪ್ಪುಗಳಿದ್ದುವು. ಇಡೀ ದೇಶದ ಕ್ಲಬ್ಬುಗಳು ತಿಂಗಳುಗಟ್ಟಲೆ ಪರಸ್ಪರ ಆಡುವ ಏರ್ಪಾಡು ಇರಲಿಲ್ಲ. ಕಪ್ಪಿನ ಪಂದ್ಯಾವಳಿಯಲ್ಲಿ ಒಂದು ವಾರದ ಹುಮ್ಮಸ್ಸು ಸಾಕಾಗಬಹುದು. ಲೀಗಿನಲ್ಲಿ ಕಾಲಿಗೂ ತಲೆಗೂ ಸಮನಾದ ತಾಳ್ಮೆ ಬೇಕು. ಮೊದಲ ಲೀಗನ್ನು ಜೆ.ಸಿ.ಟಿ. ಗೆದ್ದಿತು. ಭೂಟಿಯಾ ಅವರು ಹದಿನಾಲ್ಕು ಗೋಲುಗಳನ್ನು ಹೊಡೆದು ಆ ಲೀಗಿನಲ್ಲಿ ಅಗ್ರಸ್ಥಾನ ಪಡೆದರು. ವಿಜಯನ್ ಮತ್ತು ಭೂಟಿಯಾ ಎಂಬ ಜೋಡಿಯನ್ನು ಹೊಗಳದ ಬರಹವಿಲ್ಲ. ಅವರ ಹಿಂದೆ ಮೈದಾನದ ನಡುವನ್ನು ಹಿಡಿದು ನಿಂತವರ ಲೆಕ್ಕ ಬರೆಯುವ ಅಂಕಣ ಆ ಕಾಲದ ಪಟ್ಟಿಗಳಲ್ಲಿ ಇರಲಿಲ್ಲ. ಆದರೂ ಚಾಪ್‌ಮನ್ನರ ಯೋಗ್ಯತೆಯನ್ನು ಆಯ್ಕೆಗಾರರು ಅರಿಯದೆ ಹೋಗಲಿಲ್ಲ. 1995ರಿಂದ 2001ರವರೆಗೆ ಅವರು ಭಾರತಕ್ಕೆ ಆಡಿದರು. 1997ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯದ ಸಾಫ್ ಪಂದ್ಯಾವಳಿಯನ್ನು ಅವರ ನಾಯಕತ್ವದಲ್ಲಿ ಭಾರತ ಗೆದ್ದಿತು; ಅಂತಿಮ ಪಂದ್ಯದಲ್ಲಿ ಮಾಲ್ಡೀವ್ಸ್ ತಂಡವು 5-1ರಿಂದ ಸೋತಿತು.

ಅದೇ 1997ರಲ್ಲಿ ಕೇರಳದಲ್ಲಿ ಎಫ್.ಸಿ. ಕೊಚ್ಚಿನ್ ಎಂಬ ಕ್ಲಬ್ಬು ಸ್ಥಾಪಿತವಾಯಿತು. ಗಿರಣಿಯೂ ಇಲ್ಲ, ಬ್ಯಾಂಕೂ ಇಲ್ಲ. ಆಟವನ್ನೇ ಉದ್ಯಮವಾಗಿ ನಡೆಸುವೆವೆಂದು ಘೋಷಿಸಿ ಹೊರಟ ಸಂಸ್ಥೆ ಅದು. ದೊಡ್ಡ ಮೊತ್ತದ ಕರಾರುಗಳನ್ನು ಮಾಡಿ ದೇಶದ ಹೆಸರಾಂತ ಆಟಗಾರರನ್ನು ಕರೆದುಕೊಂಡಿತು. ವಿಜಯನ್ನರೂ ಚಾಪ್‌ಮನ್ನರೂ ಹೋದರು. ಮೊದಲ ವರ್ಷದಲ್ಲಿಯೇ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನು 3-1ರಿಂದ ಸೋಲಿಸಿತು. ಕೇರಳದ ತಂಡವೊಂದು ಆ ಕಪ್ಪನ್ನು ಗೆದ್ದುದು ಅದೇ ಮೊದಲು. ಆದರೆ ಟಿಕೆಟ್ಟಿನ ಆದಾಯದಿಂದಲೂ ಜಾಹೀರಾತಿನ ಹಣದಿಂದಲೂ ಆ ಸಂಬಳಗಳನ್ನು ತೆರಲು ಸಾಧ್ಯವಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಬಾಕಿ ಬೆಳೆದು, 2002ರ ಹೊತ್ತಿಗೆ ಕ್ಲಬ್ಬು ಕೊನೆಗೊಂಡಿತು. ಒಂದು ದೃಷ್ಟಿಯಿಂದ ನೋಡಿದರೆ ಕೊಚ್ಚಿನ್ ಮಾಡಿದ್ದು ಪ್ರಾಮಾಣಿಕವಾದ ಕೆಲಸ: ಆಟಗಾರನು ಗುಮಾಸ್ತನೆಂಬ ನಟನೆಯನ್ನು ಅದು ಕೈಬಿಟ್ಟಿತು. ಆದರೆ ನಟನೆಯ ಜೊತೆಗೆ ಗುಮಾಸ್ತನ ಪಿಂಚಣಿಯೂ ಹೋಯಿತೆಂಬುದನ್ನು ಆಗ ಗಮನಿಸಿದವರು ಕಡಿಮೆ. ಚಾಪ್‌ಮನ್ನರು ಅಲ್ಲಿ ಒಂದು ಋತುವನ್ನು ಕಳೆದು 1998ರಲ್ಲಿ ಈಸ್ಟ್ ಬೆಂಗಾಲಿಗೆ ಹಿಂದಿರುಗಿದರು.

ಈ ಹಿಂದಿರುಗುವಿಕೆಯು ಅವರ ಜೀವನದ ಅತ್ಯಂತ ಪಕ್ವವಾದ ಘಟ್ಟವೆಂದು ನಾವು ಎಣಿಸುತ್ತೇವೆ. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಪೂರ್ವ ಬಂಗಾಲದಿಂದ ಬಂದ ಜನರ ಅಭಿಮಾನದ ಸಂಸ್ಥೆ. ದೇಶವಿಭಜನೆಯ ಬಳಿಕ ನಿರಾಶ್ರಿತರಾಗಿ ಬಂದವರಿಗೆ ಅದು ಕಳೆದುಕೊಂಡ ಊರಿನ ಬದಲಿಗೆ ಉಳಿದ ಹೆಸರು. ಅಂಥ ಕ್ಲಬ್ಬಿನ ನಾಯಕತ್ವವು ಬಂಗಾಲಿಯಲ್ಲದ ಬೆಂಗಳೂರಿನವರಿಗೆ ಬಂದಿತು. ಮೊದಲ ನಾಲ್ಕು ಲೀಗುಗಳಲ್ಲಿ ದೊರೆಯದಿದ್ದ ರಾಷ್ಟ್ರೀಯ ಪ್ರಶಸ್ತಿಯನ್ನು 2000-01ರ ಋತುವಿನಲ್ಲಿ ಚಾಪ್‌ಮನ್ನರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಪಡೆಯಿತು. ಮೋಹನ್ ಬಾಗಾನ್ ಎರಡನೆಯದಾಯಿತು. ಅದೇ 2001ರಲ್ಲಿ ಅವರು ಆಟದಿಂದ ನಿವೃತ್ತರಾದರು. ಆಗ ಅವರ ವಯಸ್ಸು ಮೂವತ್ತು. ಮುಂಬಯಿಯ ರೋವರ್ಸ್ ಕಪ್ ನಿಂತುಹೋದುದೂ ಆ ಋತುವಿನ ಬಳಿಕವೇ.

ಮೂವತ್ತರಲ್ಲಿ ನಿವೃತ್ತನಾದವನಿಗೆ ಮುಂದೇನು? ಕಾರ್ಖಾನೆಯ ಕಾಲದ ಆಟಗಾರನಿಗೆ ಈ ಪ್ರಶ್ನೆ ಇರಲಿಲ್ಲ. ಚಾಪ್‌ಮನ್ನರು ಶಿಕ್ಷಕರಾದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿ, ಬಳಿಕ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋದಲ್ಲಿ, ಕಲ್ಕತ್ತೆಯ ಭವಾನಿಪುರ ಕ್ಲಬ್ಬಿನಲ್ಲಿ, ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಜ್ ಅಕಾಡೆಮಿಯಲ್ಲಿ ಅವರು ಕಲಿಸಿದರು. ದೇಶದ ದೊಡ್ಡ ತಂಡಗಳ ಆಡಳಿತವು ಅವರನ್ನು ಮುಖ್ಯ ಶಿಕ್ಷಕರ ಸ್ಥಾನಕ್ಕೆ ಕರೆಯಲಿಲ್ಲ. ಆ ವರ್ಷಗಳಲ್ಲಿ ಅಂಥ ಸ್ಥಾನಗಳಿಗೆ ಹೆಚ್ಚಾಗಿ ವಿದೇಶೀಯರನ್ನೇ ತರುತ್ತಿದ್ದರು. ಅದರ ಸರಿತಪ್ಪುಗಳ ವಿಚಾರ ಬೇರೆ ಲೇಖನಕ್ಕೆ ತಕ್ಕದ್ದು.

ಅವರ ಹಿಂದೆಯೇ ಬೆಂಗಳೂರಿನಿಂದ ಬಂದ ಮತ್ತೊಬ್ಬ ಮಿಡ್‌ಫೀಲ್ಡರ್ ಷಣ್ಮುಗಂ ವೆಂಕಟೇಶ್. ಅವರೂ ಭಾರತದ ನಾಯಕರಾದರು. ಮುಂಬಯಿಯ ಮಹೀಂದ್ರ ಯುನೈಟೆಡ್ ತಂಡಕ್ಕೆ ಆಡಿದರು. ಆ ತಂಡ 2005-06ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದು, 2010ರಲ್ಲಿ ಒಡೆಯರ ನಿರ್ಧಾರದಿಂದ ವಿಸರ್ಜನೆಗೊಂಡಿತು. 2011ರಲ್ಲಿ ಜೆ.ಸಿ.ಟಿ. ಕೂಡ ತನ್ನ ತಂಡವನ್ನು ಮುಚ್ಚಿತು. ಮೊದಲ ರಾಷ್ಟ್ರೀಯ ಲೀಗಿನ ವಿಜೇತನೇ ಹದಿನೈದು ವರ್ಷ ತುಂಬುವ ಮುನ್ನ ಇಲ್ಲವಾದುದನ್ನು ಬೇರೆ ದೇಶಗಳ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಬೆಂಗಳೂರಿಗೆ ಹೊಸ ಕಾಲದ ಕ್ಲಬ್ಬು ಬಂದುದು 2013ರಲ್ಲಿ, ಅದೂ ಮುಂಬಯಿಯ ಜಿಂದಾಲ್ ಉದ್ಯಮದ ಬಂಡವಾಳದಿಂದ. 2019ರ ಮಾರ್ಚಿನಲ್ಲಿ ಅದು ಇಂಡಿಯನ್ ಸೂಪರ್ ಲೀಗನ್ನು ಗೆದ್ದುದು ಅಂಧೇರಿಯ ಮೈದಾನದಲ್ಲಿ, ಮುಂಬಯಿಯ ಆಟಗಾರ ರಾಹುಲ್ ಭೇಕೆ ಹೊಡೆದ ಗೋಲಿನಿಂದ. ರೋವರ್ಸ್ ಕಪ್ಪಿನ ಕಾಲದ ಹಾದಿ ಈ ಬಾರಿ ಎರಡೂ ದಿಕ್ಕಿಗೆ ತೆರೆದುಕೊಂಡಿತೆನ್ನಬಹುದು.

2020ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ಸಹ ಅದೇ ಸೂಪರ್ ಲೀಗನ್ನು ಸೇರುವುದೆಂದು ಪ್ರಕಟವಾಯಿತು. ಅಕ್ಟೋಬರ್ 12ರಂದು ಚಾಪ್‌ಮನ್ನರು ಹೃದಯಾಘಾತದಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ ನಲವತ್ತೊಂಬತ್ತು ವರ್ಷ. ನವೆಂಬರ್ 27ರಂದು ಗೋವೆಯ ವಾಸ್ಕೋ ನಗರದಲ್ಲಿ ಈಸ್ಟ್ ಬೆಂಗಾಲ್ ತನ್ನ ಮೊದಲ ಸೂಪರ್ ಲೀಗ್ ಪಂದ್ಯವನ್ನು ಮೋಹನ್ ಬಾಗಾನಿನ ವಿರುದ್ಧ ಆಡಿ 2-0ರಿಂದ ಸೋತಿತು. ಸಾಂಕ್ರಾಮಿಕದ ಕಾರಣ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.