ನಾಲ್ಕು ಅಕ್ಷರದ ಹಿಂದಿನ ಅಮ್ಮ-ಮಗಳು

ಇನ್‌ಸ್ಟಾಗ್ರಾಂ ಬಯೋಗಳಲ್ಲಿ ಐಎನ್‌ಎಫ್‌ಜೆ, ಇಎನ್‌ಟಿಪಿ ಅಂತ ನಾಲ್ಕು ಅಕ್ಷರ ನೋಡಿರ್ತೀರಿ. 'ನನ್ನ ಸಹಜ ಶಕ್ತಿ ಇದೇ' ಅಂತ ಕೆಲವರು ರೆಸ್ಯೂಮೆಯಲ್ಲೂ ಬರೀತಾರೆ. ಈ ಅಕ್ಷರಗಳು ಎಲ್ಲಿಂದ ಬಂದವು? ಇವತ್ತು ಆ ಕಥೆ.

ಶುರುವಾಗಿದ್ದು ಸ್ವಿಟ್ಜರ್ಲೆಂಡ್‌ನಲ್ಲಿ. 1921ರಲ್ಲಿ ಮನೋವೈದ್ಯ ಕಾರ್ಲ್ ಯೂಂಗ್ ವ್ಯಕ್ತಿತ್ವದ ಮಾದರಿಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದರು. ಅವರ ಪ್ರಕಾರ ಮನಸ್ಸಿಗೆ ನಾಲ್ಕು ಕೆಲಸ: ಕಣ್ಣು-ಕಿವಿಯಿಂದ ಇದ್ದದ್ದನ್ನು ಇದ್ದಂತೆ ಗ್ರಹಿಸುವುದು, ಒಳಹೊಳಹಿನಿಂದ ಗ್ರಹಿಸುವುದು, ತರ್ಕದಿಂದ ತೀರ್ಮಾನಿಸುವುದು, ಭಾವನೆಯಿಂದ ಬೆಲೆ ಕಟ್ಟುವುದು. ನಾಲ್ಕೂ ಎಲ್ಲರಲ್ಲೂ ಇರ್ತವೆ. ಆದರೆ ಒಂದು ಮುಂದೆ ನಿಲ್ಲುತ್ತೆ, ಅದರ ಎದುರಿನದು ಹಿಂದೆ ಉಳಿಯುತ್ತೆ. ಇದರ ಜೊತೆಗೆ ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ಒಲವು. ಜನರನ್ನು ಡಬ್ಬಿಗಳಲ್ಲಿ ತುಂಬೋದು ಯೂಂಗ್ ಅವರ ಉದ್ದೇಶ ಆಗಿರಲಿಲ್ಲ.

1923ರಲ್ಲಿ ಪುಸ್ತಕ ಇಂಗ್ಲಿಷಿಗೆ ಬಂತು. ಅಮೆರಿಕದ ಗೃಹಿಣಿ ಕ್ಯಾಥರಿನ್ ಬ್ರಿಗ್ಸ್ ಅದನ್ನು ಓದಿದರು. ಅವರೂ ಅಷ್ಟರಲ್ಲಿ ಸ್ವಂತವಾಗಿ ಜನರ ಸ್ವಭಾವವನ್ನು ವಿಂಗಡಿಸ್ತಾ ಇದ್ದರು. ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಓದಿದ್ದು ರಾಜ್ಯಶಾಸ್ತ್ರ, ಬರೆದಿದ್ದು ಪತ್ತೇದಾರಿ ಕಾದಂಬರಿ. ಮನಶ್ಶಾಸ್ತ್ರದ ಡಿಗ್ರಿ ಇಬ್ಬರಿಗೂ ಇರಲಿಲ್ಲ.

ಎರಡನೇ ಮಹಾಯುದ್ಧ ಬಂತು. ಗಂಡಸರು ಸೈನ್ಯಕ್ಕೆ ಹೋದರು, ಎಷ್ಟೋ ಹೆಂಗಸರು ಮೊದಲ ಸಲ ಕಾರ್ಖಾನೆ, ಆಫೀಸು ಸೇರಿದರು. ಯಾರಿಗೆ ಯಾವ ಕೆಲಸ ಒಗ್ಗುತ್ತೆ? ಈ ಪ್ರಶ್ನೆ ಹಿಡಿದು ಇಸಾಬೆಲ್ ಪ್ರಶ್ನಾವಳಿ ತಯಾರಿಸಿದರು. ನಾಲ್ಕು ಜೋಡಿ, ಒಟ್ಟು 16 ಮಾದರಿ. ಆಮೇಲೆ 5,000ಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳಿಂದ ಅದಕ್ಕೆ ಉತ್ತರ ಬರೆಸಿದರು. 16ರಲ್ಲಿ ಕೆಟ್ಟ ಮಾದರಿ ಅನ್ನೋದೇ ಇಲ್ಲ, ಪ್ರತಿಯೊಂದಕ್ಕೂ ತನ್ನದೇ ಕೊಡುಗೆ ಇದೆ ಅನ್ನೋದು ಅವರ ನಂಬಿಕೆ. ಇದು ಇಷ್ಟು ಜನಪ್ರಿಯ ಆಗೋಕೆ ಅದೂ ಒಂದು ಕಾರಣ ಅನ್ಸುತ್ತೆ. ಪರೀಕ್ಷೆ ಬರೆದು ಯಾರೂ ಫೇಲ್ ಆಗಲ್ಲ, ನೋಡಿ.

ಹಾಗಾದ್ರೆ ತೊಂದರೆ ಎಲ್ಲಿ? ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ 34 ಬಂದವನು ಫೇಲ್, 35 ಬಂದವನು ಪಾಸ್ ಆಗ್ತಿದ್ದ. ಇಬ್ಬರ ಬುದ್ಧಿಯಲ್ಲಿ ಎಷ್ಟು ವ್ಯತ್ಯಾಸ ಇದ್ದೀತು? ಇಲ್ಲೂ ಹಾಗೇ. ಹೆಚ್ಚಿನವರ ಅಂಕ ನಡುವಿನ ಆಸುಪಾಸಿನಲ್ಲೇ ಬೀಳುತ್ತೆ. ಅಲ್ಲೊಂದು ಗೆರೆ ಎಳೆದು ಈ ಕಡೆ 'ಐ', ಆ ಕಡೆ 'ಇ' ಅಂತೀವಿ. ಕೆಲವು ವಾರ ಬಿಟ್ಟು ಮತ್ತೆ ಬರೆದಾಗ ಬಹಳ ಜನರಿಗೆ ಒಂದಾದರೂ ಅಕ್ಷರ ಬದಲಾಗಿರುತ್ತೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈ ಪರೀಕ್ಷೆ ಕೇಳೋದು ನಿಮಗೆ ಯಾವುದು ಹಿತ ಅಂತ. ಯಾವುದು ಬರುತ್ತೆ ಅಂತ ಅಲ್ಲ. ಬಲಗೈಯಲ್ಲಿ ಬರೆಯೋದು ಸುಲಭ, ಸರಿ. ಅಷ್ಟಕ್ಕೇ ಅಕ್ಷರ ದುಂಡಗಾಗಲ್ಲ. ತರ್ಕ ಇಷ್ಟಪಡೋರೆಲ್ಲ ಚೆನ್ನಾಗಿ ತರ್ಕ ಮಾಡ್ತಾರೆ ಅಂತ ಏನಿಲ್ಲ. ಕೆಲಸಕ್ಕೆ ಆರಿಸೋಕೆ ಇದನ್ನು ಬಳಸಬೇಡಿ ಅಂತ ಎಂಬಿಟಿಐ ನಡೆಸುವ ಸಂಸ್ಥೆಗಳೇ ಹೇಳ್ತವೆ.

ಆದ್ದರಿಂದ ಅಕ್ಷರ ಇಟ್ಕೊಳ್ಳಿ, ಗೆಳೆಯರ ಜೊತೆ ಹರಟೆಗೆ ಒಳ್ಳೇ ವಿಷಯ. ಆದರೆ 'ನಾನು ಅಂತರ್ಮುಖಿ, ಸೇಲ್ಸ್ ನನ್ನಿಂದ ಆಗಲ್ಲ' ಅಂತ ಅರ್ಜಿ ಹಾಕೋ ಮೊದಲೇ ಬಿಟ್ಟುಬಿಡಬೇಡಿ. ಅದನ್ನು ಪ್ರಶ್ನಾವಳಿ ತೀರ್ಮಾನ ಮಾಡೋಕಾಗಲ್ಲ, ಮಾಡಿ ನೋಡಿದ್ರೇನೇ ಗೊತ್ತಾಗೋದು. ಮುಂದಿನ ವಾರ ಸಿಗೋಣ.