ಸೋಲಾರ್ ಇನ್ವರ್ಟರ್‌ನಲ್ಲಿ ಕೆಂಪು ಲೈಟ್ ಬಂತಾ? ಗೂಳೂರು ಭಾಗದ ಮನೆ, ಅಂಗಡಿಯವರು ಮೊದಲು ನೋಡಬೇಕಾದ್ದು ಇಷ್ಟು

ಗೂಳೂರು: ಮನೆ ಮೇಲೆ ಸೋಲಾರ್ ಹಾಕಿಸಿದವರು ಮೊದಲ ತಿಂಗಳು ದಿನಕ್ಕೆ ಮೂರು ಸಲ ಇನ್ವರ್ಟರ್ ನೋಡ್ತಾರೆ. ಆಮೇಲೆ ಯಾರೂ ಅತ್ತ ತಲೆ ಹಾಕಲ್ಲ. ಕೆಂಪು ಲೈಟ್ ಹತ್ತಿ ಎಷ್ಟು ದಿನ ಆಯ್ತು ಅನ್ನೋದು ಬೆಸ್ಕಾಂ ಬಿಲ್ ಬಂದಾಗಲೇ ಗೊತ್ತಾಗೋದು. ಒಳ್ಳೆ ಬಿಸಿಲಿದ್ದರೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. 3 ಕಿಲೋವ್ಯಾಟ್ ಇರೋ ಮನೆಯಲ್ಲಿ ಇನ್ವರ್ಟರ್ ಹತ್ತು ದಿನ ನಿಂತರೆ 120 ಯೂನಿಟ್ ಹೋದ ಹಾಗೆ. ಆದರೆ ಕೆಂಪು ಕಂಡ ಕೂಡಲೇ ಪ್ಯಾನೆಲ್ ಸುಟ್ಟಿದೆ ಅಂತ ಗಾಬರಿ ಬೇಡ. ಎಷ್ಟೋ ಸಲ ತೊಂದರೆ ಇರೋದು ಕಂಬದಿಂದ ಬರೋ ಲೈನ್‌ನಲ್ಲಿ.

ನಿಮ್ಮದು ಯಾವ ಬಗೆ ಅನ್ನೋದು ಮೊದಲು ತಿಳಿದಿರಬೇಕು. ಪಿಎಂ ಸೂರ್ಯಘರ್ ಯೋಜನೆಯಲ್ಲಿ (2 ಕಿಲೋವ್ಯಾಟ್‌ಗೆ 60 ಸಾವಿರ, 3 ಅಥವಾ ಹೆಚ್ಚಿದ್ದರೆ 78 ಸಾವಿರ ರೂಪಾಯಿ ಸಬ್ಸಿಡಿ) ಹಾಕಿಸಿದ್ದು ಸಾಮಾನ್ಯವಾಗಿ ಬ್ಯಾಟರಿ ಇಲ್ಲದ ಆನ್‌ಗ್ರಿಡ್. ಕರೆಂಟ್ ಹೋದರೆ ಇದೂ ನಿಲ್ಲುತ್ತೆ. 'ಸೋಲಾರ್ ಇದ್ದೂ ಮನೆ ಕತ್ತಲು' ಅಂತ ಬೈಯೋರು ಊರಿಗಿಬ್ಬರು ಇದ್ದೇ ಇರ್ತಾರೆ. ಅದು ಕೆಟ್ಟಿರೋದಲ್ಲ. ಲೈನ್ ಆಫ್ ಮಾಡಿ ಕಂಬ ಹತ್ತಿರೋ ಲೈನ್‌ಮನ್‌ಗೆ ನಮ್ಮ ಮನೆ ಕರೆಂಟ್ ಹೊಡೀಬಾರದು ಅಂತಲೇ ಇನ್ವರ್ಟರ್ ತಾನಾಗಿ ನಿಲ್ಲೋದು. ಕರೆಂಟ್ ಬಂದ ಮೇಲೂ ಕೆಲವು ನಿಮಿಷ ಲೈನ್ ಪರೀಕ್ಷೆ ಮಾಡಿ ಆಮೇಲೆ ಹಸಿರಿಗೆ ಬರುತ್ತೆ. ಅಷ್ಟರೊಳಗೆ ಸ್ವಿಚ್ ಆನ್ ಆಫ್ ಮಾಡ್ತಾ ಕೂತರೆ ಕಾಯೋದು ಮತ್ತೆ ಮೊದಲಿಂದ ಶುರು. ರಾತ್ರಿ ಎಲ್ಲ ಲೈಟೂ ಆರಿದ್ದರೆ ಅದೂ ಸಹಜ.

ಲೈಟಿನ ಬಣ್ಣ ಕಂಪನಿಗೊಂದು ಥರ. ಹಾಗಾಗಿ ಬಣ್ಣಕ್ಕಿಂತ ಸ್ಕ್ರೀನ್ ಮೇಲಿನ ಎರರ್ ಕೋಡ್ ಮುಖ್ಯ. ಏನನ್ನೂ ಆಫ್ ಮಾಡೋಕೆ ಮುಂಚೆ ಮೊಬೈಲ್‌ನಲ್ಲಿ ಅದರ ಫೋಟೋ ತೆಗೀರಿ. ಒಮ್ಮೆ ಆಫ್ ಮಾಡಿದ ಮೇಲೆ ಆ ಕೋಡ್ ಮತ್ತೆ ಕಾಣದೆ ಹೋಗಬಹುದು. ವೈಫೈ ಗುರುತಿನ ಲೈಟ್ ಮಾತ್ರ ಕೆಂಪಾಗಿದ್ದರೆ ಕರೆಂಟ್ ಉತ್ಪಾದನೆ ನಡೀತಾನೇ ಇರುತ್ತೆ, ಮೊಬೈಲ್ ಆ್ಯಪ್‌ಗೆ ಲೆಕ್ಕ ಹೋಗ್ತಿಲ್ಲ ಅಷ್ಟೆ. ರೂಟರ್ ಪಾಸ್‌ವರ್ಡ್ ಬದಲಾಯಿಸಿದ ಮನೆಗಳಲ್ಲಿ ಇದು ಮಾಮೂಲಿ.

ಕೋಡ್‌ನಲ್ಲಿ 'ಗ್ರಿಡ್' ಅಂತಿದ್ದರೆ ಬೆಸ್ಕಾಂ ಲೈನಿನ ವೋಲ್ಟೇಜ್ ಹೆಚ್ಚೋ ಕಮ್ಮಿಯೋ ಆಗಿದೆ ಅಂತ. ಇರಬೇಕಾದ್ದು 230ರ ಆಸುಪಾಸು. ಮಧ್ಯಾಹ್ನ ಬಿಸಿಲು ಜೋರಾಗಿ, ಬೀದಿಯಲ್ಲಿ ಕರೆಂಟ್ ಬಳಕೆ ಕಮ್ಮಿ ಇದ್ದಾಗ ವೋಲ್ಟೇಜ್ ಏರುತ್ತೆ. ಇನ್ವರ್ಟರ್‌ನಿಂದ ಮೀಟರ್‌ವರೆಗೆ ಸಣ್ಣ ವೈರ್ ಎಳೆದಿದ್ದರೂ ಹೀಗೇ. ದಿನಾ ಒಂದೇ ಹೊತ್ತಿಗೆ ನಿಲ್ತಿದ್ದರೆ ಆ ಸಮಯ ಬರೆದಿಟ್ಟು 1912ಕ್ಕೆ ದೂರು ಕೊಡಿ. ಹಾಕಿಕೊಟ್ಟವರು ಬಂದು ಸೆಟ್ಟಿಂಗ್‌ನಲ್ಲಿ ವೋಲ್ಟೇಜ್ ಮಿತಿ ಏರಿಸಿ 'ಸರಿಹೋಯ್ತು' ಅಂದರೆ ಒಪ್ಪಬೇಡಿ. ಮನೆಯ ಫ್ರಿಡ್ಜು, ಟಿವಿ ಕೂಡ ಅದೇ ವೋಲ್ಟೇಜ್‌ನಲ್ಲೇ ಓಡ್ತಿರ್ತವೆ.

ಹುಷಾರಾಗಿರಬೇಕಾದ್ದು 'ಐಸೋ' ಅಥವಾ 'ಅರ್ತ್ ಫಾಲ್ಟ್' ಅಂತ ಬಂದಾಗ. ದೀಪಾವಳಿ ಪಾಡ್ಯಕ್ಕೆ ಗೂಳೂರು ಗಣಪ ಕೂರೋ ಹೊತ್ತಿಗೆ ಹಿಂಗಾರು ಮಳೆ ಬಂದು ಹೋಗ್ತಿರುತ್ತೆ. ಆಗ ಬೆಳಗ್ಗೆ ಕೆಂಪು, ಹತ್ತು ಗಂಟೆ ಮೇಲೆ ಹಸಿರು ಆಗೋ ಇನ್ವರ್ಟರ್‌ಗಳಿವೆ. ಒಣಗಿದ ಮೇಲೆ ಸರಿಹೋಯ್ತಲ್ಲ ಅಂತ ಸುಮ್ಮನಾಗೋದು ತಪ್ಪು. ಎಲ್ಲೋ ವೈರಿನ ಸಿಪ್ಪೆಯನ್ನ ಅಳಿಲೋ ಇಲಿಯೋ ಕಚ್ಚಿದೆ, ಕೋತಿ ಎಳೆದಾಡಿದೆ, ಇಲ್ಲವೇ ಕನೆಕ್ಟರ್ ತಾರಸಿ ನೀರಲ್ಲಿ ಬಿದ್ದಿದೆ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದ್ದರೆ ಆ ವೈರಿನಲ್ಲಿ 250ರಿಂದ 300 ವೋಲ್ಟ್ ಡಿಸಿ ಇರುತ್ತೆ. ಇನ್ವರ್ಟರ್ ಆಫ್ ಮಾಡಿದರೂ ಬಿಸಿಲಿರೋವರೆಗೆ ಪ್ಯಾನೆಲ್ ಕಡೆ ಕರೆಂಟ್ ಇದ್ದೇ ಇರುತ್ತೆ. ಪ್ಯಾನೆಲ್ ಸ್ಟ್ಯಾಂಡ್ ಮುಟ್ಟಬೇಡಿ, ಮಕ್ಕಳನ್ನ ತಾರಸಿಗೆ ಬಿಡಬೇಡಿ. ಓಡ್ತಿರೋವಾಗ ಕನೆಕ್ಟರ್ ಕಿತ್ತರೆ ಕಿಡಿ ಹಾರಿ ಕೈ ಸುಡುತ್ತೆ. ಟೆಕ್ನಿಷಿಯನ್ ಬರೋವರೆಗೆ ಮತ್ತೆ ಮತ್ತೆ ಆನ್ ಮಾಡೋದೂ ಬೇಡ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಆದ ಮೇಲೆ ನಿಂತಿದ್ದರೆ ಡಿಸಿ ಡಬ್ಬಿಯ ಗಾಜಿನ ಹೊರಗಿನಿಂದಲೇ ಸರ್ಜ್ ಪ್ರೊಟೆಕ್ಟರ್ ನೋಡಿ. ಅದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾಗಿದ್ದರೆ ಅದನ್ನ ಬದಲಾಯಿಸಬೇಕು.

ಅಂಗಡಿಗಳಲ್ಲಿ ಇನ್ನೊಂದು ಕಥೆ. ಇನ್ವರ್ಟರ್ ಮುಂದೆ ಕೊಬ್ಬರಿ ಮೂಟೆ, ರಟ್ಟಿನ ಬಾಕ್ಸ್ ಪೇರಿಸಿ ಗಾಳಿ ಆಡದೆ ಬಿಸಿ ಏರಿ ನಿಲ್ಲುತ್ತೆ. ಮೂಟೆ ಸರಿಸಿದರೆ ಸಾಕು, ಮೆಕ್ಯಾನಿಕ್ ಬೇಡ.

ಬ್ಯಾಟರಿ ಇರೋ ಇನ್ವರ್ಟರ್ ಆದರೆ ಕೆಂಪು ಲೈಟ್ ಜೊತೆ ಕುಂಯ್‌ಗುಡೋದು ಓವರ್‌ಲೋಡ್‌ಗೋ ಬ್ಯಾಟರಿ ಇಳಿದಿದ್ದಕ್ಕೋ. ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಆಫ್ ಮಾಡಿ ರೀಸೆಟ್ ಒತ್ತಿ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಬೋರ್ ನೀರು ಮಾತ್ರ ಹಾಕಬೇಡಿ.

ಐಸೋ, ಅರ್ತ್ ಫಾಲ್ಟ್ ಅಲ್ಲದೆ ಬೇರೆ ಕೋಡ್ ಇದ್ದು, ಸುಟ್ಟ ವಾಸನೆ ಇಲ್ಲದಿದ್ದರೆ ಆನ್‌ಗ್ರಿಡ್ ಇನ್ವರ್ಟರನ್ನ ಒಂದು ಸಲ ರೀಸ್ಟಾರ್ಟ್ ಮಾಡಬಹುದು. ಮೊದಲು ಎಸಿ ಎಂಸಿಬಿ ಕೆಳಗೆ, ಆಮೇಲೆ ಡಿಸಿ ಸ್ವಿಚ್ ಆಫ್. ಐದು ನಿಮಿಷ ಬಿಟ್ಟು ಮ್ಯಾನುಯಲ್‌ನಲ್ಲಿರೋ ಕ್ರಮದಲ್ಲಿ ಆನ್ ಮಾಡಿ. ಮತ್ತೆ ಅದೇ ಕೋಡ್ ಬಂದರೆ ಹಾಕಿಕೊಟ್ಟವರಿಗೆ ಫೋನ್ ಮಾಡಿ. ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ್ದರೆ 5 ವರ್ಷ ನಿರ್ವಹಣೆ ಅವರದೇ ಜವಾಬ್ದಾರಿ. ಕೋಡ್ ಫೋಟೋ, ನಿಂತ ತಾರೀಕು, ಬಿಲ್, ಇನ್ವರ್ಟರ್ ಸೀರಿಯಲ್ ನಂಬರ್ ನಾಲ್ಕನ್ನೂ ವಾಟ್ಸಾಪ್‌ನಲ್ಲಿ ಕಳಿಸಿ. ಬಾಯಿಮಾತಲ್ಲಿ ಹೇಳಿದ್ದಕ್ಕೆ ಆಮೇಲೆ ದಾಖಲೆ ಇರಲ್ಲ.